ಗೊಂಬೆಯ ಕಣ್ಣಿಗೆ ಜೀವ ತರುವುದು ಹೇಗೆ?

ಗೊಂಬೆಯ ಮುಖ ಎಷ್ಟೇ ಚೆನ್ನಾಗಿ ಬಂದಿರಲಿ, ಕಣ್ಣು ಸಪ್ಪೆಯಾದರೆ ಎಲ್ಲವೂ ಸಪ್ಪೆ. ಅಂಗಡಿಯಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಕಣ್ಣಿನಲ್ಲಿ ಬಣ್ಣವೆಲ್ಲ ಮೇಲ್ಮೈಯಲ್ಲೇ ಇರುತ್ತದೆ. ನಮ್ಮ ಕಣ್ಣು ಹಾಗಿಲ್ಲ. ಮುಂದೆ ತಿಳಿಯಾದ ಉಬ್ಬು, ಅದರ ಹಿಂದೆ ಸುಮಾರು 3 ಮಿ.ಮೀ. ಜಾಗ, ಆಮೇಲೆ ಬಣ್ಣದ ಐರಿಸ್, ಅದರ ನಡುವೆ ಪಾಪೆ. ಪಾಪೆ ಕಪ್ಪಗೆ ಕಂಡರೂ ನಿಜಕ್ಕೂ ಅದೊಂದು ತೂತು. ಈ ಆಳ ಸಿಕ್ಕರೆ ಕಣ್ಣು ನಿಮ್ಮನ್ನೇ ನೋಡುತ್ತದೆ. ಅಚ್ಚಿಗೆ ಎರೆದ ಮೇಲೆ ಗಟ್ಟಿಯಾಗುವ ತಿಳಿ ದ್ರವ ರೆಸಿನ್‌ನಲ್ಲಿ ಅದನ್ನು ಮನೆಯಲ್ಲೇ ತರಬಹುದು.

ಮೊದಲು ಅಳತೆ. ದೊಡ್ಡವರ ಕಣ್ಣುಗುಡ್ಡೆ ಸುಮಾರು 24 ಮಿ.ಮೀ., ಐರಿಸ್ 12 ಮಿ.ಮೀ. ಅಂದರೆ ಅರ್ಧ. ಗೊಂಬೆಗೆ ಅರ್ಧಕ್ಕಿಂತ ತುಸು ಜಾಸ್ತಿ ಇದ್ದರೆ ಮುದ್ದಾಗಿ ಕಾಣುತ್ತದೆ. ಇಲ್ಲಿ 16 ಮಿ.ಮೀ. ಕಣ್ಣು, 9 ಮಿ.ಮೀ. ಐರಿಸ್ ಎಂದಿಟ್ಟುಕೊಳ್ಳೋಣ. ಅರ್ಧಗೋಳದ 16 ಮಿ.ಮೀ. ಸಿಲಿಕೋನ್ ಅಚ್ಚು, ಗುಂಡಿಯ ಆಕಾರದ 9 ಮಿ.ಮೀ. ಅಚ್ಚು, ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ಎಪಾಕ್ಸಿ ರೆಸಿನ್, ಅತಿನೇರಳೆ ಬೆಳಕಿನಲ್ಲಿ ಗಟ್ಟಿಯಾಗುವ ಯುವಿ ರೆಸಿನ್ ಸ್ವಲ್ಪ, ಅದಕ್ಕೊಂದು ಲ್ಯಾಂಪ್, ಅಕ್ರಿಲಿಕ್ ಬಣ್ಣ, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), ನೈಟ್ರೈಲ್ ಗ್ಲೌಸ್ ಬೇಕು. ಎಪಾಕ್ಸಿ ಚರ್ಮಕ್ಕೆ ತಾಗಿದರೆ ಅಲರ್ಜಿ ಆಗಬಹುದು, ಗ್ಲೌಸ್ ಬಿಡಬೇಡಿ.

ಚಿಕ್ಕ ಅಚ್ಚಿನಲ್ಲಿ ಯುವಿ ರೆಸಿನ್ ಹಾಕಿ, ಲ್ಯಾಂಪಿನ ಕೆಳಗಿಟ್ಟು ಎರಡು ತೆಳು ಗುಂಡಿ ಮಾಡಿಕೊಳ್ಳಿ. 2 ಮಿ.ಮೀ. ದಪ್ಪ ಸಾಕು. ಚಪ್ಪಟೆ ಹಿಂಬದಿಯನ್ನು 600 ನಂಬರಿನ ವಾಟರ್ ಪೇಪರಿನಲ್ಲಿ ಸ್ವಲ್ಪ ಉಜ್ಜಿ, ಬಣ್ಣ ಹಿಡಿಯುತ್ತದೆ.

ಈಗ ಐರಿಸ್. ಇಲ್ಲಿ ಅವಸರ ಬೇಡ. ನಾವು ಹಿಂಬದಿಯಿಂದ ಬರೆಯುತ್ತಿದ್ದೇವೆ. ಹಾಗಾಗಿ ಮುಂದಿನಿಂದ ಮೊದಲು ಕಾಣಬೇಕಾದದ್ದನ್ನು ಮೊದಲು ಬರೆಯಬೇಕು. ಅಂಚಿಗೆ ನೀರಾಗಿಸಿದ ಕಡುಕಂದು ಬಣ್ಣದ ಉಂಗುರ ಎಳೆಯಿರಿ. ಗೆರೆ ಗಡುಸಾಗಬಾರದು, ಒಳಗಡೆಗೆ ಕರಗಿಹೋಗಬೇಕು. ಆಮೇಲೆ ಸೊನ್ನೆ ನಂಬರಿನ ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ ಸಣ್ಣ ಸಣ್ಣ ಎಳೆ. ಕೆಲವು ಕಡುಕಂದು, ಕೆಲವು ಜೇನುಬಣ್ಣ. ನಮ್ಮವರ ಕಣ್ಣು ಕಪ್ಪು ಅಂತೀವಿ, ಅಲ್ವಾ? ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿ, ಎಷ್ಟು ಬಗೆಯ ಕಂದು ಅದರಲ್ಲಿದೆ! ಎಳೆಗಳ ಮೇಲೆ ಒಂದು ಕೋಟ್ ದಟ್ಟ ಕಂದು ಬಳಿಯಿರಿ. ನಡುವೆ 3 ಮಿ.ಮೀ. ವೃತ್ತ ಮಾತ್ರ ಖಾಲಿ ಬಿಡಿ.

ಬಣ್ಣ ಪೂರ್ತಿ ಒಣಗಿದ ಮೇಲೆ ಹಿಂಬದಿಗೆ ಯುವಿ ರೆಸಿನ್ನಿನ ತೆಳು ಪದರ ಹಾಕಿ ಗಟ್ಟಿ ಮಾಡಿ. ಉಜ್ಜಿದ ಗೀರು ತುಂಬಿಕೊಂಡು ಖಾಲಿ ವೃತ್ತ ಮತ್ತೆ ತಿಳಿಯಾಗುತ್ತದೆ. ಆ ಪದರದ ಹಿಂದೆ ಕಪ್ಪು ಬಳಿಯಿರಿ. ಗುಂಡಿ ತಿರುಗಿಸಿ ನೋಡಿದರೆ ಪಾಪೆ ಐರಿಸ್‌ಗಿಂತ ಒಳಗೆ ಕೂತಿರುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಈ ಒಂದು ಪದರ.

ಬಿಳಿಗುಡ್ಡೆಗೆ ಎಪಾಕ್ಸಿಯೇ ಬೇಕು. ಬಿಳಿ ಬಣ್ಣ ಬೆಳಕನ್ನು ತಡೆಯುವುದರಿಂದ ಯುವಿ ರೆಸಿನ್ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ರೆಸಿನ್ ಮತ್ತು ಹಾರ್ಡನರ್ ಪ್ರಮಾಣ ಕೆಲವಕ್ಕೆ 1:1, ಕೆಲವಕ್ಕೆ 2:1. ಬಾಟಲಿಯ ಮೇಲೆ ತೂಕ ಅಂತಿದೆಯೋ ಅಳತೆ ಅಂತಿದೆಯೋ ಓದಿ. ಎರಡು ಕಣ್ಣಿಗೆ 2 ಮಿ.ಲೀ. ಸಾಕಾದರೂ ಅಷ್ಟು ಕಡಿಮೆ ಕಲಸಿದರೆ ಪ್ರಮಾಣ ತಪ್ಪುತ್ತದೆ. 15 ಮಿ.ಲೀ. ಕಲಸಿ, ಆರೇಳು ಜೊತೆ ಕಣ್ಣು ಒಟ್ಟಿಗೆ ಎರೆಯಿರಿ. ರೆಸಿನ್‌ಗೆಂದೇ ಸಿಗುವ ಬಿಳಿ ಪಿಗ್ಮೆಂಟ್, ಜೊತೆಗೆ ಹಳದಿಯ ಸುಳಿವು ಮಾತ್ರ. ಹಾಲುಬಿಳಿ ಕಣ್ಣು ಯಾರಿಗೂ ಇರುವುದಿಲ್ಲ. ನಿಧಾನಕ್ಕೆ ಮೂರು ನಿಮಿಷ ಕಲಸಿ, ಗುಳ್ಳೆ ಎದ್ದರೆ ಟೂತ್‌ಪಿಕ್ಕಿನಿಂದ ಚುಚ್ಚಿ.

ಕಾರವಾರ, ಅಂಕೋಲಾ, ಕುಮಟಾದವರಿಗೆ ಒಂದು ಮಾತು. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಡುವ ಊರು ನಮ್ಮದು. ಗಾಳಿಯ ತೇವಕ್ಕೆ ಹಾರ್ಡನರ್ ಪ್ರತಿಕ್ರಿಯಿಸಿ ಎಪಾಕ್ಸಿಯ ಮೇಲೆ ಅಂಟಂಟಾದ ಮಬ್ಬು ಪೊರೆ ಕಟ್ಟುತ್ತದೆ. ಎರೆದ ಅಚ್ಚನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಆದರೂ ಪೊರೆ ಬಂದರೆ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು ಉಜ್ಜಿದರೆ ಹೋಗುತ್ತದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಈ ತಂಟೆ ಕಡಿಮೆ. ಶಿರಸಿಯಂಥ ಘಟ್ಟದ ಮೇಲೆ ಆಗ ರಾತ್ರಿ ಚಳಿ. ಅಲ್ಲಿ ರೆಸಿನ್ ಗಟ್ಟಿಯಾಗಲು ಹೆಚ್ಚು ಹೊತ್ತು ಬೇಕು, ಕಾಯಿರಿ.

ಸಾಮಾನ್ಯವಾಗಿ 24 ಗಂಟೆಯ ಮೇಲೆ ಅಚ್ಚಿನಿಂದ ತೆಗೆಯಬಹುದು. ಅರ್ಧಗೋಳದ ತುದಿಯನ್ನು ಸುಮಾರು 1.5 ಮಿ.ಮೀ. ಸವೆಸಿದರೆ 9 ಮಿ.ಮೀ. ಸಮತಟ್ಟು ಸಿಗುತ್ತದೆ. ನೀರು ಹಾಕಿಕೊಂಡೇ ಉಜ್ಜಿ, ಧೂಳು ಏಳಬಾರದು. ಅಲ್ಲಿ ಐರಿಸ್ ಗುಂಡಿ ಅಂಟಿಸಿ. ಕೆಂಪು ರೇಷ್ಮೆ ದಾರ ಬಿಡಿಸಿ, ಅದರ ಒಂದೆರಡು ನವಿರು ಎಳೆಗಳನ್ನು ಬಿಳಿಗುಡ್ಡೆಯ ಅಂಚಿನಲ್ಲಿ ಅಂಕುಡೊಂಕಾಗಿ ಇಟ್ಟರೆ ರಕ್ತನಾಳ. ಕೃತಕ ಕಣ್ಣು ತಯಾರಿಸುವವರೂ ಇದನ್ನೇ ಮಾಡುತ್ತಾರೆ. ಕೊನೆಗೆ ಇಡೀ ಕಣ್ಣಿಗೆ ಯುವಿ ರೆಸಿನ್ನಿನ ತೆಳು ಲೇಪ.

ಜೋಡಿಸುವಾಗ ಮೇಲಿನ ರೆಪ್ಪೆ ಐರಿಸ್‌ನ ಮೇಲಂಚನ್ನು ಸ್ವಲ್ಪ ಮುಚ್ಚಲಿ. ಐರಿಸ್ ಪೂರ್ತಿ ಕಂಡರೆ ಗೊಂಬೆ ಬೆಚ್ಚಿಬಿದ್ದ ಹಾಗಿರುತ್ತದೆ. ಬಟ್ಟೆ, ಮಣ್ಣು, ಮರ ಯಾವುದಕ್ಕೂ ಈ ಕಣ್ಣು ಹೊಂದುತ್ತದೆ. ನಮ್ಮ ಕುಶಲಕರ್ಮಿ ಗುಡಿಗಾರರು ಬಳಸುವ ಬೆಂಡಿನಲ್ಲಿ, ಅಂದರೆ ಗಿಡದ ಹಗುರ ತಿರುಳಿನಲ್ಲಿ, ಗುಳಿ ತೋಡುವುದು ಸುಲಭ, ಆದರೆ ಅದು ದ್ರವ ಹೀರುತ್ತದೆ. ದಪ್ಪ ಅಂಟನ್ನೇ ಬಳಸಿ. ಅಂಟು ಒಣಗುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬರಿಗಣ್ಣಿಗೆ ಕಾಣದ ಮಾಲುಗಣ್ಣು ಫೋಟೊದಲ್ಲಿ ಕಾಣುತ್ತದೆ. ಪುಟ್ಟ ಮಕ್ಕಳ ಆಟದ ಗೊಂಬೆಗೆ ಮಾತ್ರ ಈ ಕಣ್ಣು ಬೇಡ, ಕಿತ್ತು ಬಾಯಿಗೆ ಹಾಕಿಕೊಂಡಾರು. ಅವರಿಗೆ ದಾರದಲ್ಲಿ ಹೊಲಿದ ಕಣ್ಣೇ ಸರಿ.