ಲಾಟ್ವಿಯಾದವರು, ಒಕಿನಾವಾದವರು: ಕೆಲವೇ ನೂರು ರೆಕಾರ್ಡಲ್ಲಿ ಲೆಕ್ಕ ಕೂರಿಸಿದ ನನ್ನ ಅನುಭವ

ಈ ಕೆಲ್ಸ ಆಗಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಅಮೆರಿಕದಲ್ಲಿರೋ ಲಾಟ್ವಿಯನ್ ಮೂಲದವರು (ಯುರೋಪಿನ ಬಾಲ್ಟಿಕ್ ಸಮುದ್ರದ ದಡದ ಪುಟ್ಟ ದೇಶದವರು), ಒಕಿನಾವನ್ ಮೂಲದವರು (ಜಪಾನಿನ ದಕ್ಷಿಣ ತುದಿಯ ದ್ವೀಪಗಳವರು), ಇವರಿಬ್ಬರಲ್ಲಿ ದುಡ್ಡುಕಾಸಿನ ವಿಷಯದಲ್ಲಿ ಯಾರು ಹೆಂಗಿದ್ದಾರೆ, ಪಬ್ಲಿಕ್ ಡೇಟಾ ಇಟ್ಕೊಂಡೇ ಹೋಲಿಸಿ ಕೊಡಿ ಅಂತ ಒಬ್ಬ ಕ್ಲೈಂಟ್ ಕೇಳಿದ್ರು, ನಾನು ಹ್ಞೂಂ ಅಂದೆ. ಎಂಎಸ್ಸಿಯಲ್ಲಿ ಸ್ಯಾಂಪ್ಲಿಂಗ್ ಹೇಳ್ಕೊಟ್ಟ ಮೇಷ್ಟ್ರಿಗೆ ಫೋನ್ ಮಾಡಿದ್ರೆ ಅವರು ಜೋರಾಗಿ ನಕ್ಕುಬಿಟ್ರು, "ಅಲ್ಲಯ್ಯ, ಒಕಿನಾವಾದವರು ಇರೋದೇ ಹಿಡಿಯಷ್ಟು, ಅದರಲ್ಲಿ ಸ್ಯಾಂಪಲ್ಲಿಗೆ ಬಂದಿರೋದು ಚಿಟಿಕೆಯಷ್ಟು, ಅದರ ಮೀಡಿಯನ್ ತೆಗೆದು ಯಾವ ದೇವ್ರಿಗೆ ನೈವೇದ್ಯ ಇಡ್ತೀಯಾ" ಅಂದ್ರು (ಮೀಡಿಯನ್ ಅಂದ್ರೆ ಎಲ್ಲಾ ನಂಬರನ್ನ ಸಾಲಾಗಿ ಇಟ್ಟಾಗ ಸರಿ ಮಧ್ಯಕ್ಕೆ ಬರೋದು). ಜೊತೆಗೆ ಕೆಲಸ ಮಾಡೋ ಹುಡುಗರೂ ಅದೇ ರಾಗ. ಈಗ ರಿಪೋರ್ಟ್ ಹೋಗಿದೆ, ಕ್ಲೈಂಟ್ ಕಡೆಯ ಇಬ್ಬರು ರಿವ್ಯೂ ಮಾಡೋರು ಎಳೆದಾಡಿ ನೋಡಿದ್ರು, ಲೆಕ್ಕ ಅಲುಗಾಡಲಿಲ್ಲ, ಅದಕ್ಕೇ ಬರೀತಾ ಇದೀನಿ.

ಮೂರು ಪದ ಮೊದಲೇ ಹೇಳ್ಬಿಡ್ತೀನಿ: ಎಸಿಎಸ್ ಅಂದ್ರೆ ಅಮೆರಿಕದ ಸೆನ್ಸಸ್ ಬ್ಯೂರೊ ಪ್ರತಿ ವರ್ಷ ಮಾಡೋ ಸ್ಯಾಂಪಲ್ ಸರ್ವೆ, ಪ್ಯೂಮಾ ಅಂದ್ರೆ ಅದರ ಬಿಡಿ ರೆಕಾರ್ಡುಗಳಲ್ಲಿ ಗುರುತಿಸಬಹುದಾದ ಅತಿ ಚಿಕ್ಕ ಪ್ರದೇಶ, ರೆಪ್ಲಿಕೇಟ್ ವೇಟು ಅಂದ್ರೆ ಲೆಕ್ಕದಲ್ಲಿ ಎಷ್ಟು ಎರರ್ ಇರಬಹುದು ಅಂತ ಅಳೆಯಕ್ಕೆ ಬ್ಯೂರೊ ಕೊಡೋ ಬದಲಿ ತೂಕಗಳು.

ಮೊದಲು ತಲೆ ಎಣಿಕೆಯ ಗೋಳು. 2000ದ ಸೆನ್ಸಸ್ಸಲ್ಲಿ ಲಾಟ್ವಿಯನ್ ಮೂಲ ಅಂತ ಬರೆಸಿದವರು 87 ಸಾವಿರ ಚಿಲ್ಲರೆ, ಒಕಿನಾವನ್ ಅಂತ ಬರೆಸಿದವರು ಮಿಶ್ರ ಮೂಲದವರನ್ನೂ ಸೇರಿಸಿ 10 ಸಾವಿರ ಚಿಲ್ಲರೆ. ಆದ್ರೆ ಹವಾಯಿಯ ಒಕಿನಾವನ್ ಸಂಘದವರನ್ನ ಕೇಳಿದ್ರೆ ಬರೀ ಹವಾಯಿಯಲ್ಲೇ ನಾವು 40-50 ಸಾವಿರ ಇದ್ದೀವಿ ಅಂತಾರೆ. ಎರಡೂ ಸುಳ್ಳಲ್ಲ. ಉಳಿದವರೆಲ್ಲಾ ಫಾರ್ಮಲ್ಲಿ "ಜಪಾನೀಸ್" ಅಂತ ಬರೆದು ಕೂತಿದ್ದಾರೆ ಅಷ್ಟೇ. ಜೊತೆಗೆ ಹವಾಯಿಯಲ್ಲಿ ಒಬ್ಬೊಬ್ಬರಿಗೆ ಮೂರ್ನಾಲ್ಕು ಮೂಲ, ಒಕಿನಾವನ್, ಪೋರ್ಚುಗೀಸ್, ಚೈನೀಸ್, ಹವಾಯಿಯನ್ ಎಲ್ಲಾ ಒಂದೇ ಮನೇಲಿ, ಎಸಿಎಸ್ ನೋಡಿದ್ರೆ ಬರೆದಿದ್ದರಲ್ಲಿ ಎರಡನ್ನ ಮಾತ್ರ ಕೋಡ್ ಮಾಡುತ್ತೆ, ಮೂರನೇದು ಹೊಳೆಗೆ. ಎಸಿಎಸ್‌ನ ಐದು ವರ್ಷ ಸೇರಿಸಿದ ಫೈಲ್ ಅಂದ್ರೆ ಜನಸಂಖ್ಯೆಯ ಸುಮಾರು 5 ಪರ್ಸೆಂಟ್, ಹಂಗಾಗಿ ಲಾಟ್ವಿಯನ್ ಕಡೆ ನಾಲ್ಕು ಸಾವಿರದ ಆಸುಪಾಸು ರೆಕಾರ್ಡ್, ಒಕಿನಾವನ್ ಕಡೆ ಕೆಲವೇ ನೂರು. ಮೇಷ್ಟ್ರು ನಕ್ಕಿದ್ದಕ್ಕೆ ಕಾರಣ ಇತ್ತು, ಇಲ್ಲ ಅನ್ನಲ್ಲ.

ಮೊದಲನೇ ಪ್ರಯತ್ನ ಎಲ್ಲರೂ ಮಾಡೋದೇ, ಎರಡೂ ಗುಂಪಿನ ಮನೆ ಆದಾಯದ ಮೀಡಿಯನ್ ತೆಗೆದು ಪಕ್ಕಪಕ್ಕ ಇಡೋದು. ಲಾಟ್ವಿಯನ್ನರದ್ದು ಅಮೆರಿಕದ ಮೀಡಿಯನ್‌ಗಿಂತ ಮೇಲೆ, ಅದು ಹಳೇ ವಿಷಯ. ಹವಾಯಿ ರಾಜ್ಯದ್ದೂ ದೇಶದ ಮೀಡಿಯನ್‌ಗಿಂತ ಮೇಲೇ ಇರೋದು, ಒಕಿನಾವನ್ನರು ಹೆಚ್ಚಿರೋದು ಅಲ್ಲೇ. ಆ ನಂಬರ್ ಹಿಡ್ಕೊಂಡು ಏನೂ ಹೇಳಕ್ಕಾಗಲ್ಲ. ಮೂರು ತಲೆಮಾರು ಒಂದೇ ಸೂರಡಿ ಇರೋ ಮನೆಗಳ ಪ್ರಮಾಣದಲ್ಲಿ ಹವಾಯಿ ಅಮೆರಿಕದಲ್ಲೇ ಮುಂದೆ, ಅಜ್ಜಿ ಪೆನ್ಷನ್ನು, ಅಪ್ಪ-ಅಮ್ಮನ ಸಂಬಳ, ಮಗನ ಸಂಬಳ ಎಲ್ಲಾ ಕೂಡಿ "ಮನೆ ಆದಾಯ" ಆಗುತ್ತೆ. ಲಾಟ್ವಿಯನ್ ಕಡೆ ವಯಸ್ಸಾದ ಗಂಡ-ಹೆಂಡತಿ ಇಬ್ಬರೇ ಇರೋ ಮನೆ ಜಾಸ್ತಿ. ದೊಡ್ಡ ಮನೆ, ಚಿಕ್ಕ ಮನೆ ಸಮ ಮಾಡಕ್ಕೆ ಮನೆ ಮಂದಿಯ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದ ತಕ್ಷಣ ಒಕಿನಾವನ್ ನಂಬರ್ ಕೆಳಗೆ ಜಾರುತ್ತೆ. ಬೆಲೆ ಸೂಚ್ಯಂಕ ಹಾಕಿದ್ರೆ (ದೇಶದ ಸರಾಸರಿ 100 ಅಂದ್ರೆ ಹವಾಯಿ 110ರ ಆಸುಪಾಸು) ಇನ್ನೂ ಜಾರುತ್ತೆ. ಆಮೇಲೆ ಮನೆಯ ಬೆಲೆ ಸೇರಿಸಿ ನೋಡಿ, ಓಹೋ, ಪೂರಾ ಉಲ್ಟಾ! ಹವಾಯಿಯ ಒವಾಹು ದ್ವೀಪದಲ್ಲಿ ಬಿಡಿ ಮನೆಯ ಮೀಡಿಯನ್ ಬೆಲೆ 2021ರಲ್ಲೇ ಹತ್ತು ಲಕ್ಷ ಡಾಲರ್ ದಾಟ್ತು, ಲಾಟ್ವಿಯನ್ನರಿರೋ ಮಿಶಿಗನ್ನಿನ ಕಲಮಜೂನಲ್ಲಿ ಅದರ ಕಾಲು ಭಾಗಕ್ಕೆ ಒಳ್ಳೇ ಮನೆ ಸಿಗುತ್ತೆ. ಅಂದ್ರೆ ಯಾವ ಕಾಲಂ ಆರಿಸಿದ್ರೆ ಆ ಉತ್ತರ. ಇಂಥ ಹೋಲಿಕೆಗೆ ದುಡ್ಡು ತಗೊಳ್ಳೋದು ಮೋಸ ಅಂತಲೇ ನನ್ನ ಅಭಿಪ್ರಾಯ, ಆದ್ರೆ ಬಹಳ ಜನ ತಗೋತಾರೆ.

ಎರಡನೇ ಪ್ರಯತ್ನ ಸರ್‌ನೇಮ್. ಫಾರ್ಮಲ್ಲಿ ಜಪಾನೀಸ್ ಅಂತ ಬರೆದ್ರೂ ಹೆಸರು ಮುಚ್ಚಿಡಕ್ಕಾಗಲ್ವಲ್ಲ. ಹಿಗಾ, ಓಶಿರೊ, ಶಿಮಾಬುಕುರೊ, ಅರಕಾಕಿ, ಕನೆಶಿರೊ, ಇವೆಲ್ಲಾ ಒಕಿನಾವಾದ ಹೆಸರುಗಳು ಅಂತ ಹವಾಯಿಯಲ್ಲಿ ಮಕ್ಕಳಿಗೂ ಗೊತ್ತು. ಉಎಹರಾ ಥರದ್ದು ಮಾತ್ರ ಕೈಕೊಡುತ್ತೆ, ಜಪಾನಿನ ಮುಖ್ಯ ದ್ವೀಪಗಳಲ್ಲೂ ಇದೆ. ಲಾಟ್ವಿಯನ್ ಕಡೆ ಬರ್ಜಿನ್ಸ್, ಕಲ್ನಿನ್ಸ್, ಓಜೊಲಿನ್ಸ್ ಹೀಗೆ ಗಂಡಸರ ಹೆಸರಿನ ಕೊನೆಗೆ 'ಸ್' ಬರುತ್ತೆ, ಆದ್ರೆ ಕೊನೆಗೆ 'ಇಸ್' ಇರೋದನ್ನೆಲ್ಲಾ ಹಿಡಿದ್ರೆ ಲಿಥುವೇನಿಯನ್ನರೂ ಗ್ರೀಕರೂ ಬಲೆಗೆ ಬೀಳ್ತಾರೆ. ಹೆಸರು ನೋಡಿ ಮೂಲ ಹೇಳೋ ಒಂದು ಪೇಯ್ಡ್ ಟೂಲಿಗೆ ಸುಮಾರು 18 ಸಾವಿರ ರೂಪಾಯಿ ಸುರಿದೆ, ಅದು ಒಕಿನಾವಾ ಅನ್ನೋ ಕೆಟಗರಿಯನ್ನೇ ಇಟ್ಕೊಂಡಿಲ್ಲ, ಎಲ್ಲರನ್ನೂ ಜಪಾನೀಸ್ ಅಂತು, ಕಲ್ನಿನ್ಸನ್ನ ಒಂದ್ಸಲ ಸ್ಕ್ಯಾಂಡಿನೇವಿಯನ್ ಅಂತು, ರಿಫಂಡ್ ಕೇಳಿದ್ರೆ ಕ್ರೆಡಿಟ್ ಬಳಸಿ ಆಗಿದೆ ಅಂತ ಮೇಲ್ ಬಂತು. ಕೊನೆಗೆ ಸೆನ್ಸಸ್ ಬ್ಯೂರೊನೇ ಬಿಟ್ಟಿ ಕೊಡೋ 2010ರ ಸರ್‌ನೇಮ್ ಫೈಲ್, ನೂರು ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ಬರೋ 1 ಲಕ್ಷ 62 ಸಾವಿರ ಹೆಸರು ಅದರಲ್ಲಿ, ಅದನ್ನಿಟ್ಕೊಂಡು ನನ್ನದೇ ಲಿಸ್ಟ್ ಕಟ್ಟಿದೆ. ಆ ಲಿಸ್ಟ್ ಕೊಡಲ್ಲ, ಕೇಳಬೇಡಿ. ಒಂದು ಸುಳಿವು ಮಾತ್ರ ಕೊಡ್ತೀನಿ: ಈಗ ಒಕಿನಾವಾದಲ್ಲಿ ಕಿಂಜೊ ಅಂತ ಓದೋ ಹೆಸರನ್ನೇ ಹವಾಯಿಯ ಹಳಬರು ಕನೆಶಿರೊ ಅಂತ ಬರೀತಾರೆ, ಹಾಗಾಗಿ ಸ್ಪೆಲಿಂಗ್ ನೋಡಿದ್ರೇನೇ ಮನೆತನ 1924ರಲ್ಲಿ ಅಮೆರಿಕ ಜಪಾನಿನವರ ವಲಸೆ ನಿಲ್ಲಿಸೋಕೆ ಮುಂಚೆ ಬಂದಿದ್ದಾ, ಯುದ್ಧ ಆದ್ಮೇಲೆ ಬಂದಿದ್ದಾ ಅಂತ ಒಂದು ಅಂದಾಜು ಸಿಗುತ್ತೆ.

ಆದ್ರೆ ಸಮಸ್ಯೆ ಏನಂದ್ರೆ ಮೈಕ್ರೋಡೇಟಾದಲ್ಲಿ (ಒಬ್ಬೊಬ್ಬರ ಉತ್ತರ ಬಿಡಿಬಿಡಿಯಾಗಿರೋ ಫೈಲಲ್ಲಿ) ಹೆಸರಿರಲ್ಲ, ಹೆಸರಿರೋ ಕಡೆ ಆದಾಯ ಇರಲ್ಲ. ಹೊನಲುಲು ಆಸ್ತಿ ತೆರಿಗೆ ದಾಖಲೆಯಲ್ಲಿ ಮಾಲೀಕರ ಹೆಸರಿದೆ, ಅದನ್ನ ಕೆದಕಿದೆ, ಅಲ್ಲಿ ಇನ್ನೊಂದು ತಲೆನೋವು, ಹವಾಯಿಯಲ್ಲಿ ಮನೆ ನಿಮ್ಮದು ನೆಲ ಇನ್ಯಾರದೋ ಅನ್ನೋ ಲೀಸ್‌ಹೋಲ್ಡ್ ಪದ್ಧತಿ ಬಹಳ ಕಾಲ ಇತ್ತು. ಅದಕ್ಕೇ 1967ರಲ್ಲಿ ಭೂಸುಧಾರಣೆ ಕಾನೂನು ತಂದ್ರು, 1984ರಲ್ಲಿ ಸುಪ್ರೀಂ ಕೋರ್ಟ್ ಸರಿ ಅಂತು, ಆಮೇಲೆ ಎಷ್ಟೋ ಜನ ನೆಲಾನೂ ಕೊಂಡ್ಕೊಂಡ್ರು. ಈ ಬದಲಾವಣೆಯ ಲಾಭ ಸರಿಯಾದ ಟೈಮಲ್ಲಿ ಸಿಕ್ಕವರಿಗೂ ಸಿಗದೇ ಇದ್ದವರಿಗೂ ಆಸ್ತಿಯಲ್ಲಿ ಅಜಗಜಾಂತರ. ಅದೇ ಬೇರೆ ಪ್ರಾಜೆಕ್ಟ್ ಆಗುತ್ತೆ, ಬಿಟ್ಟೆ.

ಈಗ ಗೆದ್ದ ದಾರಿ. ಎರಡು ಗುಂಪನ್ನ ನೇರವಾಗಿ ಹೋಲಿಸೋದನ್ನೇ ಬಿಟ್ಬಿಟ್ಟೆ. ಪ್ರತಿ ಲಾಟ್ವಿಯನ್ ಮನೆಗೂ ಅದೇ ಪ್ಯೂಮಾದಲ್ಲಿ, ಅದೇ ವಯಸ್ಸಿನ ಯಜಮಾನ ಇರೋ, ಲಾಟ್ವಿಯನ್ ಅಲ್ಲದ ಬಿಳಿಯರ ಮನೆಗಳನ್ನ ಜೋಡಿ ಹಾಕಿದೆ. ಪ್ರತಿ ಒಕಿನಾವನ್ ಮನೆಗೆ ಅದೇ ಜಾಗದ ಉಳಿದ ಜಪಾನೀಸ್ ಮನೆಗಳು ಒಂದು ಜೋಡಿ, ಅಲ್ಲಿನ ಎಲ್ಲಾ ಮನೆಗಳು ಇನ್ನೊಂದು ಜೋಡಿ. ಆಮೇಲೆ ಅನುಪಾತ. ನಿಮ್ಮ ಅಕ್ಕಪಕ್ಕದವರಿಗಿಂತ ನೀವು ಎಷ್ಟು ಮೇಲೆ, ಎಷ್ಟು ಕೆಳಗೆ? ಆ ಎರಡು ಅನುಪಾತಗಳನ್ನ ಮಾತ್ರ ಹೋಲಿಸೋದು. ಬೆಲೆ, ಬಾಡಿಗೆ, ಹವಾಯಿ ದುಬಾರಿ, ಮಿಶಿಗನ್ ಅಗ್ಗ, ಎಲ್ಲಾ ತಾನಾಗೇ ಕ್ಯಾನ್ಸಲ್ ಆಗುತ್ತೆ.

ಜಪಾನೀಸರ ಜೊತೆ ಯಾಕೆ ಹೋಲಿಸಬೇಕು ಅಂತ ರಿವ್ಯೂನಲ್ಲಿ ಕೇಳಿದ್ರು. ಇತಿಹಾಸ ಗೊತ್ತಿದ್ರೆ ಈ ಪ್ರಶ್ನೆ ಬರಲ್ಲ. 1900ರ ಜನವರಿಯಲ್ಲಿ ಮೊದಲನೇ 26 ಜನ ಒಕಿನಾವಾದಿಂದ ಹವಾಯಿಯ ಕಬ್ಬಿನ ತೋಟಕ್ಕೆ ಬಂದಾಗ ಉಳಿದ ಜಪಾನೀಸರು ಆಗ್ಲೇ ಹದಿನೈದು ವರ್ಷದಿಂದ ಅಲ್ಲಿದ್ರು, ಹಂದಿ ಸಾಕೋರು ಅಂತ ಇವರನ್ನ ಹೀಯಾಳಿಸ್ತಿದ್ರು, ಹೆಣ್ಣು ಕೊಡ್ತಿರಲಿಲ್ಲ. ಅದೇ ಹಂದಿ ಫಾರ್ಮು, ಆಮೇಲೆ ಹೋಟೆಲ್ಲು, ಇದರಲ್ಲೇ ಇವರು ಮೇಲೆ ಬಂದಿದ್ದು, ಬಂಡವಾಳಕ್ಕೆ ತಾನೊಮೊಶಿ ಅಂತ ಹಾಕ್ತಿದ್ರು, ನಮ್ಮ ಕಡೆ ಚೀಟಿ ಹಾಕೋದು ಹೆಂಗೋ ಹಂಗೇ, ತಿಂಗಳು ತಿಂಗಳು ಎಲ್ಲರೂ ಕಟ್ಟೋದು, ಸರದಿ ಮೇಲೆ ಒಬ್ಬರು ಎತ್ತೋದು. 1948ರಲ್ಲಿ ಯುದ್ಧದಿಂದ ಹಾಳಾದ ಒಕಿನಾವಾಗೆ ಹವಾಯಿಯವರೇ ದುಡ್ಡು ಕೂಡಿಸಿ 550 ಹಂದಿಗಳನ್ನ ಹಡಗಲ್ಲಿ ಕಳಿಸಿದ್ರು. 2014ರಲ್ಲಿ ಒಕಿನಾವಾ ಮೂಲದ ಡೇವಿಡ್ ಇಗೆ ಹವಾಯಿಯ ಗವರ್ನರೇ ಆದ್ರು. ಹಾಗಿರುವಾಗ ಒಕಿನಾವನ್ನರ ಏಳಿಗೆಯನ್ನ ಅಳೆಯೋದು ಯಾರ ಎದುರಿಗೆ? ಅವತ್ತು ಇವರನ್ನ ಕೀಳಾಗಿ ನೋಡಿದವರ ಎದುರಿಗೇ ತಾನೇ.

ಆದ್ರೆ ಇದರಲ್ಲೊಂದು ಮುಳ್ಳಿದೆ. ಜೋಡಿಗೆ ಹಾಕಿರೋ "ಜಪಾನೀಸ್" ಮನೆಗಳಲ್ಲೇ ಫಾರ್ಮಲ್ಲಿ ಹೇಳ್ಕೊಳ್ಳದ ಒಕಿನಾವನ್ನರು ಸೇರ್ಕೊಂಡಿದ್ದಾರಲ್ಲ, ಹಂಗಾಗಿ ಇರೋ ವ್ಯತ್ಯಾಸ ಇನ್ನೂ ಕಮ್ಮಿ ಕಾಣುತ್ತೆ. ಸರ್‌ನೇಮ್ ಲಿಸ್ಟ್ ಕೈಹಿಡಿದಿದ್ದು ಇಲ್ಲೇ. ಒವಾಹುವಿನ ಒಟ್ಟು ಜಪಾನೀಸ್ ಹೆಸರುಗಳಲ್ಲಿ ಒಕಿನಾವನ್ ಪಾಲು ಎಷ್ಟಿರಬಹುದು ಅಂತ ಕೆಳಗಿನ ಮಿತಿ, ಮೇಲಿನ ಮಿತಿ ಹಾಕ್ಕೊಂಡು, ಎರಡರಲ್ಲೂ ಲೆಕ್ಕ ತೆಗೆದು, ಉತ್ತರವನ್ನ ಒಂದು ನಂಬರಾಗಿ ಕೊಡದೆ ರೇಂಜಾಗಿ ಕೊಟ್ಟೆ. ದಂಡ ಅಂದ್ಕೊಂಡಿದ್ದ ಕೆಲಸವೇ ಕೊನೆಗೆ ಬೆನ್ನೆಲುಬಾಯ್ತು.

ಲಾಟ್ವಿಯನ್ ಕಡೆ ಮುಳ್ಳು ಬೇರೆ ಥರ. ಅವರಲ್ಲಿ ದೊಡ್ಡ ಅಲೆ ಬಂದಿದ್ದು 1948ರ ನಿರಾಶ್ರಿತರ ಕಾನೂನಾದ ಮೇಲೆ, ಸುಮಾರು 40 ಸಾವಿರ ಜನ, ಜರ್ಮನಿಯ ಕ್ಯಾಂಪುಗಳಿಂದ. ಊರಲ್ಲಿ ಲಾಯರ್ರು, ಮೇಷ್ಟ್ರು ಆಗಿದ್ದವರು ಅಮೆರಿಕಕ್ಕೆ ಬಂದು ಕಸ ಗುಡಿಸಿದ್ರು, ಹೊಲದಲ್ಲಿ ದುಡಿದ್ರು. 1950ರ ಸೆನ್ಸಸ್ ಪುಟಗಳು 2022ರ ಏಪ್ರಿಲ್‌ನಲ್ಲಿ ಓಪನ್ ಆದ್ವಲ್ಲ, ಅದರಲ್ಲಿ ಉದ್ಯೋಗದ ಕಾಲಂ ನೋಡ್ತಾ ಕೂತ್ರೆ ರಾತ್ರಿ ಊಟ ಮರೆತುಹೋಗುತ್ತೆ (ಕೈಬರಹ ಓದೋ ಸಾಫ್ಟ್‌ವೇರ್ ಓಶಿರೊನ ಅಶಿರೊ ಮಾಡಿತ್ತು, ಅದು ಬೇರೆ). ಅಂದ್ರೆ ಕೈಯಲ್ಲಿ ಕಾಸಿಲ್ಲದಿದ್ರೂ ತಲೆಯಲ್ಲಿ ವಿದ್ಯೆ ಇದ್ದವರು, ಮಕ್ಕಳನ್ನ ಕಾಲೇಜಿಗೆ ಹಾಕಿದ್ರು, ಕಲಮಜೂ, ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಲ್ವಾಕೀ, ಮಿನಿಯಾಪೊಲಿಸ್ ಕಡೆ ಚರ್ಚು, ಶನಿವಾರದ ಶಾಲೆ ಅಂತ ಕಟ್ಕೊಂಡ್ರು, 1965ರಲ್ಲಿ ಮಿಶಿಗನ್ನಿನ ತ್ರೀ ರಿವರ್ಸ್ ಹತ್ರ ಗರೆಜೆರ್ಸ್ ಅಂತ ಬೇಸಿಗೆ ಕ್ಯಾಂಪೇ ಶುರು ಮಾಡಿದ್ರು. ಈಗಲೂ ಫಾರ್ಮಲ್ಲಿ ಲಾಟ್ವಿಯನ್ ಅಂತ ತಪ್ಪದೇ ಬರೆಯೋದರಲ್ಲಿ ಇಂಥ ಮನೆಯವರೇ ಮುಂದೆ ಇರೋ ಸಾಧ್ಯತೆ ಜಾಸ್ತಿ, ಓದಿದವರು, ಸಂಘ ಬಿಡದವರು. ಮುಂಚೆ, ರಷ್ಯಾ ಸಾಮ್ರಾಜ್ಯದ ವಿರುದ್ಧ 1905ರಲ್ಲಿ ಎದ್ದ ದಂಗೆ ಆದ್ಮೇಲೆ ಬಂದವರ ಮೊಮ್ಮಕ್ಕಳು ಅದನ್ನ ಬರೆಯೋದೇ ಬಿಟ್ಟಿರಬಹುದು. ಲಾಟ್ವಿಯಾದ ರಾಜಧಾನಿ ರೀಗಾ ಕಡೆಯಿಂದ ಬಂದ ಯಹೂದಿ ಕುಟುಂಬಗಳವರಲ್ಲೂ ಕೆಲವರು ಲಾಟ್ವಿಯನ್ ಅಂತಾರೆ, ಕೆಲವರು ರಷ್ಯನ್ ಅಂತಾರೆ. ಇದನ್ನ ಪೂರ್ತಿ ಸರಿ ಮಾಡಕ್ಕಾಗಲ್ಲ, ವಿದ್ಯಾಭ್ಯಾಸವನ್ನ ಸೇರಿಸಿ ಒಂದ್ಸಲ, ಬಿಟ್ಟು ಒಂದ್ಸಲ ಜೋಡಿ ಹಾಕಿ ಎರಡೂ ತೋರಿಸಿದೆ. 1991ರಲ್ಲಿ ಲಾಟ್ವಿಯಾ ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡ ನಂತರ ಬಂದವರನ್ನ ಕಿತ್ತಾಕಿದೆ, ನಮಗೆ ಬೇಕಿರೋದು ವಂಶಸ್ಥರು. ಅದೇ ಕಾರಣಕ್ಕೆ ಯುದ್ಧದ ನಂತರ ಅಮೆರಿಕದ ಸೈನಿಕರನ್ನ ಮದುವೆಯಾಗಿ ಬಂದ ಒಕಿನಾವಾದ ಹೆಂಗಸರನ್ನೂ ಬೇರೆ ಪಟ್ಟಿಗೆ ಹಾಕಿದೆ, ಅವರು ಹೆಚ್ಚಾಗಿ ಮಿಲಿಟರಿ ಬೇಸ್ ಇರೋ ಊರುಗಳಲ್ಲಿ ಚದುರಿದ್ದಾರೆ, ಅವರ ಕಥೆ ತೋಟಕ್ಕೆ ಬಂದವರ ಕಥೆ ಅಲ್ಲವೇ ಅಲ್ಲ.

ಮನೆಯ ಬೆಲೆ ಬಿಟ್ರೆ ಒಟ್ಟು ಆಸ್ತಿಯ ಪ್ರಶ್ನೆ ಎಸಿಎಸ್‌ನಲ್ಲಿ ಇಲ್ಲ. ಬಡ್ಡಿ-ಡಿವಿಡೆಂಡ್-ಬಾಡಿಗೆ ಆದಾಯದ ಕಾಲಂ ಇದೆ, ಸೊನ್ನೆ ಇದೆಯೋ ಇಲ್ವೋ ಅನ್ನೋದನ್ನ ಮಾತ್ರ ನಾನು ಬಳಸಿದ್ದು, ಮೊತ್ತ ಅಲ್ಲ. ಸಣ್ಣ ಸ್ಯಾಂಪಲ್ಲಲ್ಲಿ ಒಬ್ಬ ಕುಬೇರ ಸಾಕು ಸರಾಸರಿ ಹಾಳಾಗಕ್ಕೆ.

ಖರ್ಚು: ಜೋಡಿ ಹಾಕೋದನ್ನ 80 ರೆಪ್ಲಿಕೇಟ್ ವೇಟಿನಲ್ಲೂ ಮೊದಲಿಂದ ಮಾಡಬೇಕು, ಶಾರ್ಟ್‌ಕಟ್ ಹಿಡಿದ್ರೆ ಎರರ್ ಸುಳ್ಳು ಹೇಳುತ್ತೆ. ಕ್ಲೌಡಲ್ಲಿ ಓಡಿಸಿದ್ದಕ್ಕೆ ಮೊದಲ ತಿಂಗಳು 20 ಸಾವಿರಕ್ಕೂ ಮೇಲೆ ಬಿಲ್ ಬಂತು, ಬಿಟ್ಟು ಲ್ಯಾಪ್‌ಟಾಪಿಗೆ ಒಂಬತ್ತು ಸಾವಿರದ ರ‍್ಯಾಮ್ ಹಾಕಿಸ್ಕೊಂಡು ರಾತ್ರಿ ಹೊತ್ತು ಓಡಿಸಿದೆ. ಜೋಡಿ ಸಿಗದಿದ್ದಾಗ ಯಾವ ಷರತ್ತನ್ನ ಮೊದಲು ಸಡಿಲ ಮಾಡಬೇಕು ಅನ್ನೋದರಲ್ಲೇ ಇರೋದು ಗುಟ್ಟು. ವಯಸ್ಸಲ್ಲ ಅಂತ ಮಾತ್ರ ಹೇಳ್ತೀನಿ.

ಮಧ್ಯೆ ಸುಮ್ನಿರಲಾರದೆ ಬ್ರೆಜಿಲ್ಲಿಗೂ ಕೈಹಾಕಿದೆ, ಎರಡೂ ಗುಂಪು ಸಾವೊ ಪಾಲೊ ರಾಜ್ಯದಲ್ಲೇ ಇದ್ದಾರಲ್ಲ, 1908ರ ಕಸಾಟೊ ಮಾರು ಹಡಗಲ್ಲಿ ಬಂದವರಲ್ಲಿ ಒಕಿನಾವಾದವರೇ ನೂರಕ್ಕೆ ನಲವತ್ತಕ್ಕೂ ಮೇಲೆ, 1922ರಲ್ಲಿ ಲಾಟ್ವಿಯಾದ ಬ್ಯಾಪ್ಟಿಸ್ಟರು ಬಂದು ಕಾಡು ಕಡಿದು ವಾರ್ಪಾ ಅಂತ ಊರೇ ಕಟ್ಟಿದ್ರು. ಆದ್ರೆ ಬ್ರೆಜಿಲ್ ಸೆನ್ಸಸ್ ಕೇಳೋದು ಮೈಬಣ್ಣ, ಮೂಲ ಅಲ್ಲ, ಒಕಿನಾವನ್ನರು "ಹಳದಿ" ಕಾಲಂನಲ್ಲಿ, ಲಾಟ್ವಿಯನ್ನರು "ಬಿಳಿ" ಕಾಲಂನಲ್ಲಿ ಕರಗಿಹೋಗ್ತಾರೆ. ನಿಲ್ಲಿಸಿದೆ.

ನಮ್ಮವರ ಮೇಲೂ ಓಡಿಸಿ ನೋಡಿದೆ, ಮನೇಲಿ ಕನ್ನಡ ಮಾತಾಡೋರು ಅಂತ ಎಸಿಎಸ್‌ನಲ್ಲಿ ಭಾಷೆ ಕೋಡ್ ಸಿಗುತ್ತೆ. ಉಪಯೋಗ ಆಗಲಿಲ್ಲ. ಬೇ ಏರಿಯಾದಲ್ಲಿ ಪಕ್ಕದ ಮನೆಯವರೂ ಸಾಫ್ಟ್‌ವೇರೇ, ಜೊತೆಗೆ ನಮ್ಮವರು ಬಹುತೇಕ ವೀಸಾ ಮೇಲೆ ಆರಿಸಿ ಬಂದ ಮೊದಲ ತಲೆಮಾರು. ಸರ್‌ನೇಮ್ ವಿಧಾನ ಅಂತೂ ಕೇಳಲೇಬೇಡಿ, ಹೆಗಡೆ, ಗೌಡ ಅಂತಿದ್ರೆ ಸರಿ, ನನ್ನ ಪಾಸ್‌ಪೋರ್ಟಲ್ಲಿ ಲಾಸ್ಟ್ ನೇಮ್ ಜಾಗದಲ್ಲಿರೋದು ಅಪ್ಪನ ಹೆಸರು.

ಟೇಬಲ್ಲುಗಳು ಕ್ಲೈಂಟ್ ಸ್ವತ್ತು, ಇಲ್ಲಿ ಹಾಕೋ ಹಾಗಿಲ್ಲ. ಮೇಷ್ಟ್ರಿಗೆ ಮೆಥಡ್ ಭಾಗ ಮಾತ್ರ ಕಳಿಸಿದೆ, "ರೇಂಜ್ ಕೊಟ್ಟಿದ್ದು ಒಳ್ಳೇದಾಯ್ತು, ಆದ್ರೆ 2020ರ ಡೇಟಾ ಏನ್ಮಾಡ್ದೆ" ಅಂತ ಕೇಳಿದ್ರು. ಕೋವಿಡ್ ವರ್ಷ ಉತ್ತರ ಕೊಟ್ಟವರೇ ಕಮ್ಮಿ, ಅದಕ್ಕೇ ಆ ವರ್ಷದ್ದನ್ನ ಬ್ಯೂರೊನೇ ಪ್ರಾಯೋಗಿಕ ಅಂತ ಹೇಳಿ ಬಿಡುಗಡೆ ಮಾಡಿದ್ದು. ಅದನ್ನ ಹೊರಗಿಟ್ಟು ಒಂದ್ಸಲ ಪೂರ್ತಿ ಓಡಿಸಿದ್ದೀನಿ ಸಾರ್, ಎರಡು ಗುಂಪಿನ ಕ್ರಮ ಬದಲಾಗಿಲ್ಲ ಅಂದೆ. ಫೈಲ್ ಕಳಿಸು ನೋಡಣ ಅಂದ್ರು.