ಡಾಡ್ಜ್ ಚಾರ್ಜರ್ ಕಾರಿಗೆ ಬೇಕಿದ್ದದ್ದು ಮೂರು ಮೂತಿಯ ಫಿಲ್ಟರ್

ಅಮೆರಿಕದ ಫೀನಿಕ್ಸ್‌ನ ಬೇಸಿಗೆ ಅಂದ್ರೆ ಗೊತ್ತಲ್ಲ, 43 ಡಿಗ್ರಿ ಮಾಮೂಲಿ. ನನ್ನ 1970ರ ಡಾಡ್ಜ್ ಚಾರ್ಜರ್, 440 ಘನ ಇಂಚಿನ ಎಂಜಿನ್ನಿನದು, ಸಿಗ್ನಲ್‌ನಲ್ಲಿ ನಿಂತರೆ ಸಾಕು, ಉಸಿರು ಕಟ್ಟಿದ ಹಾಗೆ ಆಫ್ ಆಗುತ್ತಿತ್ತು. ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್. ಬಿಸಿಗೆ ಪೆಟ್ರೋಲ್ ಲೈನಿನೊಳಗೇ ಆವಿಯಾಗುತ್ತಿದೆ ಅನ್ನುವುದು ಸ್ಪಷ್ಟವಾಗಿತ್ತು.

ಬಾನೆಟ್ ಕೆಳಗೆ ಪಳಪಳ ಹೊಳೆಯುವ ಗಾಜಿನ ಪೆಟ್ರೋಲ್ ಫಿಲ್ಟರ್ ಇತ್ತು. ನೋಡೋಕೆ ಚೆಂದ, ಆದರೆ ಕಂಪನಿಯಿಂದ ಬಂದದ್ದಲ್ಲ. ಟ್ಯಾಂಕಿನಿಂದ ಎರಡು ಪೈಪ್ ಮುಂದೆ ಬಂದಿದ್ದವು. ಸಣ್ಣದಕ್ಕೆ ಹಿಂದಿನ ಮಾಲೀಕರು ಬಿರಡೆ ಜಡಿದಿದ್ದರು! ಅಲ್ಲೇ ಉತ್ತರ ಸಿಕ್ಕಿತು.

ಆ ಕಾಲದ ದೊಡ್ಡ ಎಂಜಿನ್ನಿನ ಹಲವು ಮೋಪಾರ್ (ಅಂದ್ರೆ ಡಾಡ್ಜ್ ಮಾಡುವ ಕ್ರೈಸ್ಲರ್ ಕಂಪನಿಯ) ಕಾರುಗಳಲ್ಲಿ ತಗಡಿನ ಡಬ್ಬಿ ಫಿಲ್ಟರ್ ಇರುತ್ತಿತ್ತು, ಮೂರು ಮೂತಿಯದು. ಒಂದರಲ್ಲಿ ಪೆಟ್ರೋಲ್ ಒಳಗೆ, ಇನ್ನೊಂದರಿಂದ ಕಾರ್ಬ್ಯುರೇಟರ್‌ಗೆ. ಮೂರನೆಯದು ಸಣ್ಣದು, ಆವಿಯನ್ನೂ ಸ್ವಲ್ಪ ಪೆಟ್ರೋಲನ್ನೂ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಕೂರಿಸುವಾಗ ಈ ಸಣ್ಣ ಮೂತಿ ಮೇಲಕ್ಕೇ ಇರಬೇಕು. ಆವಿ ಮೇಲೇರುತ್ತದೆ, ಅಲ್ವಾ?

ಅಂಗಡಿಯವರು "ಎಲ್ಲಾ ಮೋಪಾರ್‌ಗೂ ಇದೇ" ಅಂದರೆ ನಂಬಬೇಡಿ. ನಿಮ್ಮ ವರ್ಷದ ಪಾರ್ಟ್ಸ್ ಪುಸ್ತಕದಲ್ಲಿ ಎಂಜಿನ್, ಕಾರ್ಬ್ಯುರೇಟರ್ ಎರಡನ್ನೂ ನೋಡಿ, ಪೈಪಿನ ಅಳತೆ ತಾಳೆ ಮಾಡಿ. ಡಬ್ಬಿಯ ಮೇಲಿನ ಅಚ್ಚು ಆಮೇಲಿನ ಮಾತು.

ಹಳೇ ಸ್ಟಾಕಿನ ಡಬ್ಬಿಗಳು ದುಬಾರಿ, ಒಳಗಿನ ಕಾಗದವೂ ಮುದಿಯಾಗಿರುತ್ತದೆ. ಶೋಗೆ ಇಡುವುದಾದರೆ ಸರಿ, ಓಡಿಸುವುದಕ್ಕೆ ಸುಮ್ನೆ ಹೊಸ ನಕಲೇ ವಾಸಿ. ಹೋಸ್ ಮಾತ್ರ ಎಥನಾಲ್ ತಾಳುವಂಥದ್ದು ಹಾಕಿದೆ. ಕ್ಲ್ಯಾಂಪ್ ಸ್ಕ್ರೂ ಇರುವುದಲ್ಲ, ಹಳೇ ಥರದ ಸ್ಪ್ರಿಂಗಿನದು. ಈಗ ಮಟಮಟ ಮಧ್ಯಾಹ್ನದ ಟ್ರಾಫಿಕ್‌ನಲ್ಲೂ ಕಾರು ಆಫ್ ಆಗುತ್ತಿಲ್ಲ.