ಜವಳಿಯ ದಿನ, ದೋಸೆಯ ರುಚಿ: ದಾವಣಗೆರೆ ಪೇಟೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ

ಮದುವೆಯ ಜವಳಿ ತೆಗೆಯಲು ದಾವಣಗೆರೆಗೆ ಹೋಗುವುದು ಚಿತ್ರದುರ್ಗ, ಹೊಳಲ್ಕೆರೆ, ಜಗಳೂರು, ಚನ್ನಗಿರಿ ಕಡೆಯ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿ. ಹೋದವರು ಬೆಣ್ಣೆ ದೋಸೆ ತಿನ್ನದೆ ಮರಳುವುದೂ ಅಪರೂಪ. ಆದರೆ ಬಹಳ ಮಂದಿ ಸೀರೆ ನೋಡಿ ನೋಡಿ ಕಣ್ಣು ದಣಿದ ಮೇಲೆ, ಹಸಿವು ತಡೆಯಲಾರದ ಹೊತ್ತಿನಲ್ಲಿ, ಎದುರಿಗೆ ಸಿಕ್ಕ ಹೋಟೆಲಿಗೆ ನುಗ್ಗಿ ಗಬಗಬನೆ ಎರಡು ದೋಸೆ ತಿಂದು ಮತ್ತೆ ಅಂಗಡಿಗೆ ಓಡುತ್ತಾರೆ. ಹಾಗೆ ಮಾಡಿದರೆ ದೋಸೆಯ ರುಚಿ ನೆನಪಿನಲ್ಲಿ ಉಳಿಯುವುದಿಲ್ಲ, ಭಾರವಾದ ಹೊಟ್ಟೆಯಲ್ಲಿ ಸೀರೆಯ ಆಯ್ಕೆಯೂ ಸರಿಯಾಗುವುದಿಲ್ಲ. ಪೇಟೆಯ ಕೆಲಸಗಳಲ್ಲಿ ಕಾಯುವ ಹೊತ್ತು ತಾನಾಗಿಯೇ ಬರುತ್ತದೆ. ಆ ಹೊತ್ತನ್ನು ಮೊದಲೇ ಗುರುತಿಸಿಕೊಂಡು ರುಚಿ ನೋಡಲು ಮೀಸಲಿಟ್ಟರೆ ಎರಡೂ ಕೆಲಸ ನೆಮ್ಮದಿಯಿಂದ ಮುಗಿಯುತ್ತವೆ.

ರುಚಿ ನೋಡುವ ಕ್ರಮವನ್ನು ನಾನು ಕಲಿತದ್ದು ಬೇರೊಂದು ಕಡೆಯಿಂದ. ಬೆಂಗಳೂರಿನ ಮೈಕ್ರೋಬ್ರುವರಿಗಳಲ್ಲಿ, ಅಂದರೆ ಬಿಯರನ್ನು ಅಲ್ಲಿಯೇ ಸಣ್ಣ ಪ್ರಮಾಣದಲ್ಲಿ ತಯಾರಿಸಿ ಬಡಿಸುವ ಕಡೆಗಳಲ್ಲಿ, ಕ್ರಾಫ್ಟ್ ಬಿಯರ್ ಸವಿಯಲು ಬಂದವರಿಗೆ ಸಣ್ಣ ಲೋಟಗಳಲ್ಲಿ ನಾಲ್ಕೈದು ಬಗೆಯನ್ನು ಸಾಲಾಗಿ ಇಟ್ಟುಕೊಡುವುದುಂಟು. ಗೋಧಿಯ ತಿಳಿ ಬಿಯರಿನಿಂದ ಆರಂಭಿಸಿ, ಚೆನ್ನಾಗಿ ಹುರಿದ ಮಾಲ್ಟಿನ ಕಪ್ಪು ಸ್ಟೌಟಿನ ಕಡೆಗೆ ಸಾಗುವುದು ಅಲ್ಲಿಯ ಪದ್ಧತಿ. ಗಾಢವಾದದ್ದನ್ನು ಮೊದಲು ಕುಡಿದರೆ ಆಮೇಲೆ ಬಂದ ತೆಳುವಾದದ್ದು ನಾಲಿಗೆಗೆ ಹತ್ತುವುದೇ ಇಲ್ಲ. ದೋಸೆಗೂ ಈ ಕ್ರಮ ಚೆನ್ನಾಗಿ ಒಪ್ಪುತ್ತದೆ. ಮೊದಲು ಖಾಲಿ ದೋಸೆ, ಆಮೇಲೆ ಬೆಣ್ಣೆ ದೋಸೆ, ಅದರ ನಂತರ ಓಪನ್ ದೋಸೆ, ಎಲ್ಲಕ್ಕೂ ಕೊನೆಗೆ ಮೆಣಸಿನಕಾಯಿ ಮಂಡಕ್ಕಿ. ನಾಲ್ಕು ಮಂದಿ ಹೋದರೆ ಒಂದು ಕಡೆ ಎರಡೇ ಪ್ಲೇಟು ತರಿಸಿ ಹಂಚಿಕೊಳ್ಳಬೇಕು. ತಲೆಗೊಂದು ಪ್ಲೇಟು ಎಂದು ಹಟ ಹಿಡಿದರೆ ಎರಡನೆಯ ಹೋಟೆಲಿಗೆ ಹೊಟ್ಟೆಯಲ್ಲಿ ಜಾಗವಿರುವುದಿಲ್ಲ.

ಹೊರಡುವ ಹಿಂದಿನ ದಿನ ಎರಡು ಪಟ್ಟಿ ಬರೆದುಕೊಳ್ಳಿ. ಒಂದರಲ್ಲಿ ಕೈ ಶುಚಿಯಾಗಿ, ತಲೆ ತಣ್ಣಗಿದ್ದು ಮಾಡಬೇಕಾದ ಕೆಲಸಗಳು: ರೇಷ್ಮೆ ಸೀರೆ, ಚಿನ್ನ, ಅಳತೆ ಕೊಡುವುದು. ಇನ್ನೊಂದರಲ್ಲಿ ಹೇಗಿದ್ದರೂ ಆಗುವ ಕೆಲಸಗಳು: ಪಾತ್ರೆ, ಕಿರಾಣಿ, ಬಳೆ, ಲಗ್ನಪತ್ರಿಕೆ. ಮೊದಲ ಪಟ್ಟಿಯನ್ನು ಮಧ್ಯಾಹ್ನದೊಳಗೆ ಮುಗಿಸಬೇಕು. ಚಿತ್ರದುರ್ಗದಿಂದ ದಾವಣಗೆರೆ ಸುಮಾರು 60 ಕಿಲೋಮೀಟರ್. ಬೆಳಗಿನ ಬಸ್ಸು ಹಿಡಿದರೆ ಜವಳಿ ಅಂಗಡಿಗಳು ಬಾಗಿಲು ತೆರೆಯುವ ಮೊದಲೇ ಊರು ತಲುಪಬಹುದು. ಕಾರಿನಲ್ಲಿ ಬರುವವರು ವಾಹನವನ್ನು ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಕಡೆಯಲ್ಲೇ ಎಲ್ಲಾದರೂ ನಿಲ್ಲಿಸಿ ಬರುವುದು ಒಳ್ಳೆಯದು. ಮಂಡಿಪೇಟೆ, ಚೌಕಿಪೇಟೆಯ ಬೀದಿಗಳು ಎತ್ತಿನ ಗಾಡಿಯ ಕಾಲದ ಅಗಲದವು. ಅಲ್ಲಿ ಕಾಲ್ನಡಿಗೆಯೇ ಬೇಗ ತಲುಪಿಸುತ್ತದೆ.

ಅಂಗಡಿ ತೆರೆಯುವ ಮುಂಚಿನ ಆ ಹೊತ್ತು ಖಾಲಿ ದೋಸೆಯದು. ಮೆತ್ತಗೆ, ತೂತುತೂತಾಗಿ ಇರುವ ಈ ದೋಸೆಯಲ್ಲಿ ಬೆಣ್ಣೆಯ ಮರೆಯಿಲ್ಲ. ಆದ್ದರಿಂದ ಹಿಟ್ಟಿನ ಗುಣ ನೇರವಾಗಿ ತಿಳಿಯುತ್ತದೆ. ಮೊದಲ ತುಂಡನ್ನು ಚಟ್ನಿ ಮುಟ್ಟಿಸದೆ ತಿಂದು ನೋಡಿ. ಹಿತವಾದ ಹುಳಿ ಹಿಂದಿನಿಂದ ಬಂದರೆ ಹಿಟ್ಟು ಹದವಾಗಿ ಹುದುಗಿದೆ. ಹುಳಿ ಮುಂದಾಗಿ ಬಂದರೆ ಅತಿಯಾಗಿ ಹುದುಗಿದೆ. ದಾವಣಗೆರೆಯ ದೋಸೆ ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆಗೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರೆ. ಮಂಡಕ್ಕಿ ಒಮ್ಮೆ ಬೆಂದು ಅರಳಿದ ಅಕ್ಕಿಯಾದ್ದರಿಂದ ನೀರನ್ನು ಬೇಗ ಹೀರಿಕೊಂಡು ಹಿಟ್ಟಿನ ಒಳಭಾಗವನ್ನು ಮೆತ್ತಗಾಗಿಸುತ್ತದೆ.

ಹೊಟ್ಟೆ ಹಗುರವಾಗಿರುವಾಗಲೇ ಜವಳಿಗೆ ಹೋಗಿ. ಸೀರೆಯನ್ನು ದೀಪದ ಕೆಳಗೆ ನೋಡಿದ ಮೇಲೆ ಬಾಗಿಲ ಬೆಳಕಿಗೂ ತರಿಸಿ ನೋಡಬೇಕು. ಬಣ್ಣ ಎರಡು ಕಡೆ ಎರಡು ರೀತಿ ಕಾಣುತ್ತದೆ. ಶುದ್ಧ ರೇಷ್ಮೆ ಎಂದು ಬೆಲೆ ಕೊಡುವಾಗ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಚಿನ್ನದಂಗಡಿಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22 ಕ್ಯಾರೆಟ್ಟಿಗೆ 916 ಎಂಬ ಅಂಕಿ ಮತ್ತು ಪ್ರತಿ ಒಡವೆಗೂ ಬೇರೆಯಾಗಿರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ, ಈ ಮೂರನ್ನೂ ಭೂತಗನ್ನಡಿಯಲ್ಲಿ ತೋರಿಸಲು ಹೇಳಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ (ಶುದ್ಧತೆಯ ಗುರುತು) ಕಡ್ಡಾಯವಿರುವ ಒಡವೆಗಳನ್ನು ಈ ಸಂಖ್ಯೆಯಿಲ್ಲದೆ ಮಾರುವಂತಿಲ್ಲ. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಒಡವೆಯ ವಿವರ ಅಲ್ಲಿಯೇ ಸಿಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಅಕ್ಕನ ಮದುವೆಯ ಜವಳಿಗೆ ಹೋದಾಗ ನಾವು ಬೆಣ್ಣೆ ದೋಸೆ ತಿಂದು, ಬರೀ ನೀರಿನಲ್ಲಿ ಕೈ ತೊಳೆದು ಅಂಗಡಿಗೆ ಹೋಗಿದ್ದೆವು. ಧಾರೆ ಸೀರೆಯ ಸೆರಗನ್ನು ಎತ್ತಿ ಹಿಡಿದು ನೋಡಿದವಳು ನಾನೇ. ಕೆಳಗಿಟ್ಟಾಗ ಅರಿಶಿನ ಬಣ್ಣದ ರೇಷ್ಮೆಯ ಮೇಲೆ ನನ್ನ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಮೂಡಿತ್ತು. ಅಂಗಡಿಯವರು ಬೈಯಲಿಲ್ಲ, ಟಾಲ್ಕಮ್ ಪೌಡರ್ ಉದುರಿಸಿ, ಅರ್ಧ ಗಂಟೆ ಹಾಗೆಯೇ ಬಿಟ್ಟು, ಮೆಲ್ಲಗೆ ಕೊಡವಿದರು. ಜಿಡ್ಡನ್ನು ಪೌಡರ್ ಹೀರಿಕೊಂಡಿತು. ಆದರೆ ಆ ಅರ್ಧ ಗಂಟೆ ಅಮ್ಮನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅಂದಿನಿಂದ ಚೀಲದಲ್ಲಿ ಒಂದು ಸೋಪಿನ ತುಂಡು, ಒಂದು ಒಣ ಕೈವಸ್ತ್ರ ಇಟ್ಟುಕೊಂಡೇ ಹೊರಡುತ್ತೇನೆ. ರೇಷ್ಮೆ ಮುಟ್ಟುವ ಕೆಲಸ ಪೂರ್ತಿ ಮುಗಿಯುವವರೆಗೆ ಬೆಣ್ಣೆ ದೋಸೆಯ ಹತ್ತಿರ ಸುಳಿಯುವುದಿಲ್ಲ.

ಸೀರೆ ಕೊಂಡ ಕೂಡಲೇ ಫಾಲ್, ಜಿಗ್‌ಜಾಗ್ ಹಾಕಲು ಕೊಟ್ಟುಬಿಡಿ. ಸಂಜೆಗೆ ಕೊಡುತ್ತೇವೆ ಎಂದು ಟೈಲರ್ ಹೇಳಿದರೆ, ಕೆಲವು ಗಂಟೆಗಳ ಬಿಡುವು ಅಲ್ಲಿಂದಲೇ ಶುರುವಾಗುತ್ತದೆ. ಈಗ ಬೆಣ್ಣೆ ದೋಸೆಗೆ ಹೋಗಬಹುದು.

ಸಾಧ್ಯವಾದರೆ ಸೌದೆ ಒಲೆಯ ಹೋಟೆಲನ್ನೇ ಹುಡುಕಿ, ಕಾವಲಿ ಕಾಣುವ ಕಡೆ ಕುಳಿತುಕೊಳ್ಳಿ. ಭಟ್ಟರು ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಸೌಟಿನಲ್ಲಿ ಹಿಟ್ಟನ್ನು ಸಾಲಾಗಿ ಬಿಡುತ್ತಾರೆ. ಮೇಲ್ಭಾಗ ಇನ್ನೂ ಹಸಿಯಿರುವಾಗಲೇ ಬೆಣ್ಣೆಯ ಮುದ್ದೆ ಬೀಳುತ್ತದೆ. ಅಂಚಿನಲ್ಲಿ ನೊರೆ ಎದ್ದು, ಕೆಳಭಾಗ ಕೆಂಪಗಾಗಿ, ತಟ್ಟೆಗೆ ಬರುವಾಗ ಮತ್ತೊಂದು ಚೂರು ಬೆಣ್ಣೆ ನೆತ್ತಿಯ ಮೇಲೆ ಕೂರುತ್ತದೆ. ಅದು ಕರಗಿ ಜಾರುವ ಮೊದಲು ತಿನ್ನಬೇಕು. ಫೋಟೋ ತೆಗೆಯುವುದಿದ್ದರೆ ಪಕ್ಕದವರ ತಟ್ಟೆಯದನ್ನು ತೆಗೆಯಿರಿ. ಅಂಚಿನ ಗರಿ, ನಡುವಿನ ಮೆದು, ಬೆಣ್ಣೆಯ ಹೊಸತನ, ಈ ಮೂರನ್ನು ಬೇರೆಬೇರೆಯಾಗಿ ಗಮನಿಸಿ. ಹೊಸ ಬೆಣ್ಣೆಗೆ ಹಾಲಿನ ವಾಸನೆಯಿರುತ್ತದೆ. ಹಳೆಯದು ಗಂಟಲಲ್ಲಿ ಕಮಟು ಉಳಿಸುತ್ತದೆ. ಜೊತೆಗೆ ಬರುವ ಆಲೂಗೆಡ್ಡೆ ಪಲ್ಯ ಬೆಳ್ಳಗೆ, ಸಪ್ಪೆಗೆ ಸಮೀಪವಾಗಿ ಇರುವುದು ಕೊರತೆಯಲ್ಲ. ಬೆಣ್ಣೆಯ ಭಾರವನ್ನು ಪಲ್ಯ ಹೊರುತ್ತದೆ, ಕಾಯಿ ಚಟ್ನಿಯ ಹಸಿಮೆಣಸಿನ ಖಾರ ಅದನ್ನು ಕತ್ತರಿಸುತ್ತದೆ.

ಈ ದೋಸೆಯ ಮೂಲವನ್ನು ಊರಿನವರು ಹೀಗೆ ನೆನೆಯುತ್ತಾರೆ: 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ ಎಂಬುವರು ಸಾವಳಗಿ ನಾಟಕ ಥಿಯೇಟರಿನ ಬಳಿ ರಾಗಿ ದೋಸೆ ಮಾಡಿ ಮಾರಿದರು, ಅಕ್ಕಿ, ಉದ್ದು, ಮಂಡಕ್ಕಿಯ ಹದವನ್ನು ಮುಂದೆ ಅವರ ಮಕ್ಕಳು ರೂಢಿಗೆ ತಂದರು. ಬರಿಗೈಯಲ್ಲಿ ಮಕ್ಕಳನ್ನು ಸಾಕಿದ ಒಬ್ಬ ತಾಯಿಯ ಒಲೆಯಿಂದ ಒಂದು ಊರಿಗೇ ಹೆಸರು ಬಂತು ಎಂಬುದು ನನಗೆ ಪ್ರತಿ ಬಾರಿಯೂ ಹೆಮ್ಮೆಯ ವಿಷಯ.

ಎರಡನೆಯ ಹೋಟೆಲಿಗೆ ಹೋಗುವ ಮೊದಲು ಒಂದು ಗಂಟೆಯಾದರೂ ನಡೆಯಬೇಕು. ಪಾತ್ರೆ, ಬಳೆ, ಕಿರಾಣಿಯ ಪಟ್ಟಿ ಇಲ್ಲಿ ನೆರವಿಗೆ ಬರುತ್ತದೆ. ಬಾಯಿ ಶುಚಿಗೆ ಬಿಸಿನೀರು ಸಾಕು. ಕಾಫಿ ಕುಡಿದರೆ ಅದರ ಕಹಿ ನಾಲಿಗೆಯ ಮೇಲೆ ಉಳಿದು ಮುಂದಿನ ರುಚಿಯನ್ನು ಮುಚ್ಚುತ್ತದೆ. ಅಲ್ಲಿ ಓಪನ್ ದೋಸೆ ತರಿಸಿ. ಪಲ್ಯವೂ ಚಟ್ನಿಪುಡಿಯೂ ದೋಸೆಯ ಮೇಲೆಯೇ ಬರುವುದರಿಂದ ಇದರ ಖಾರ ಮುಂದೆ ನಿಲ್ಲುತ್ತದೆ. ಒಂದನ್ನು ಇಬ್ಬರು ಹಂಚಿಕೊಂಡರೆ ಸಾಕಾಗುತ್ತದೆ.

ಸಂಜೆ ಸೀರೆ ಇಸಿದುಕೊಂಡು, ಅಲ್ಲಿಯೇ ಮಡಿಕೆ ಬಿಚ್ಚಿ ಫಾಲಿನ ಹೊಲಿಗೆ ನೋಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿಡಿ. ಆಮೇಲೆ ಮೆಣಸಿನಕಾಯಿ ಮಂಡಕ್ಕಿ. ಹುರಿಗಡಲೆ ಪುಡಿ, ಈರುಳ್ಳಿ, ಕೊತ್ತಂಬರಿ ಕಲಸಿದ ಮಂಡಕ್ಕಿಯನ್ನು ಕಲಸಿದ ಮರುಕ್ಷಣವೇ ತಿನ್ನಬೇಕು, ತಡವಾದರೆ ಮೆತ್ತಗಾಗುತ್ತದೆ. ಎಣ್ಣೆಯಿಂದ ಆಗಷ್ಟೇ ತೆಗೆದ ಮೆಣಸಿನಕಾಯಿ ಬಜ್ಜಿಯನ್ನು ತುದಿಯಿಂದ ಕಚ್ಚುತ್ತಾ ಬನ್ನಿ. ಬೀಜ ಹೆಚ್ಚಿರುವ ತೊಟ್ಟಿನ ಕಡೆ ಖಾರ ಜೋರಿರುತ್ತದೆ.

ಮನೆಗೆ ಒಯ್ಯುವ ಮಂಡಕ್ಕಿಯನ್ನು ದಿನದ ಕಟ್ಟಕಡೆಯ ಕೊಳ್ಳುವಿಕೆಯಾಗಿಡಿ. ಹಗುರವಾದರೂ ಚೀಲ ದೊಡ್ಡದು. ಬೆಳಿಗ್ಗೆಯೇ ಕೊಂಡರೆ ದಿನವಿಡೀ ಹೊತ್ತು ತಿರುಗಬೇಕಾಗುತ್ತದೆ. ನಾಲ್ಕು ಕಾಳು ಬೆರಳ ನಡುವೆ ಹಿಸುಕಿ ನೋಡಿ, ಪಟಪಟನೆ ಮುರಿದರೆ ತಾಜಾ ಎಂದು ತಿಳಿಯಿರಿ. ಚೀಲದ ಬಾಯಿಗೆ ಗಾಳಿಯಾಡದಂತೆ ದಾರ ಬಿಗಿಸಿ, ಬಸ್ಸಿನಲ್ಲಿ ಸೀರೆಯ ಚೀಲವನ್ನು ತೊಡೆಯ ಮೇಲೂ ಮಂಡಕ್ಕಿಯನ್ನು ತಲೆಯ ಮೇಲಿನ ಹಲಗೆಯಲ್ಲೂ ಇಟ್ಟುಕೊಳ್ಳಿ.